ಪುಚ್ಛದರ್ಶನ ಮೀಮಾಂಸೆ

ದೇವತಾಮೂರ್ತಿಯನ್ನು ಪಾದದಿಂದಾರಂಭಿಸಿ ಶಿರಸ್ಸಿನವರೆಗೆ ಕ್ರಮವಾಗಿ ನೋಡಬೇಕೆಂದು ವಿಧಿಸಿದ ನಮ್ಮ ಪೂರ್ವಿಕರು, ಪಾದಗಳೇ ಇಲ್ಲದ, ಮುಖವನ್ನು ನೀರಿನಿಂದ ಹೊರಗೆ ತೆಗೆಯಲು ಸುಲಭವಾಗಿ ಒಪ್ಪದ, ಕಟ್ಟಕಡೆಗೆ ಬಾಲವೊಂದನ್ನೆತ್ತಿ ತೋರಿಸಿ ಮರೆಯಾಗುವ ಮಹಾಸತ್ತ್ವವನ್ನು ಯಾವ ಕ್ರಮದಿಂದ ದರ್ಶಿಸತಕ್ಕದ್ದೆಂಬುದನ್ನು ಹೇಳದೆಯೇ ಹೋದರು. ಈ ಲೋಪವನ್ನು ತುಂಬುವುದಕ್ಕಾಗಿ, ಉತ್ತರ ಸಮುದ್ರಗಳಲ್ಲಿ ದೋಣಿಯೇರಿ ತಿಮಿಂಗಿಲಗಳನ್ನೂ ಕಡಲಹಕ್ಕಿಗಳನ್ನೂ ನೋಡಹೋಗುವವರ ಆಚಾರವಿಚಾರಗಳನ್ನು ಪರಾಮರ್ಶಿಸಿ ಈ ಅಲ್ಪಗ್ರಂಥವನ್ನು ರಚಿಸಿದ್ದೇನೆ. ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನಗಳೆಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ, ಬಾಲ. ಅಧಿಕಾರಿ, ಟಿಕೆಟ್ ಕೊಂಡವನು. ಸಂಬಂಧವು ಸುಮಾರು ಮೂರು ಗಂಟೆಗಳ ಕಾಲದ್ದು. ಪ್ರಯೋಜನವೇನೆಂಬ ಪ್ರಶ್ನೆಯನ್ನು ಹಣ ಕೊಟ್ಟವರೇ ಕೇಳಿಕೊಳ್ಳಬೇಕಾದುದರಿಂದ ಅದನ್ನಿಲ್ಲಿ ಎತ್ತುವುದಿಲ್ಲ.

ಈ ಶಾಸ್ತ್ರಕ್ಕೆ ಕ್ಷೇತ್ರವಾವುದೆಂದರೆ, ಐಸ್‌ಲೆಂಡ್ ದ್ವೀಪದ ಉತ್ತರ ತೀರದಲ್ಲಿ, ಧ್ರುವವೃತ್ತಕ್ಕೆ ಕೊಂಚವೇ ದಕ್ಷಿಣಕ್ಕಿರುವ ಹೂಸವೀಕ್ ಎಂಬ ಸಣ್ಣ ಬಂದರು. ಅದರ ಮುಂದಿರುವ ಸ್ಕ್ಯಾಲ್ಫಾಂದಿ ಕೊಲ್ಲಿಗೆ ಎರಡು ನದಿಗಳು ಬಂದು ಸೇರುತ್ತವೆ; ಸಿಹಿನೀರೂ ಉಪ್ಪುನೀರೂ ಬೆರೆಯುವಲ್ಲಿ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ; ಅವನ್ನು ತಿನ್ನಲು ಸಣ್ಣ ಮೀನುಗಳೂ, ಮೀನುಗಳನ್ನು ತಿನ್ನಲು ತಿಮಿಂಗಿಲಗಳೂ, ತಿಮಿಂಗಿಲಗಳನ್ನು ನೋಡಲು ಮನುಷ್ಯರೂ ಬರುತ್ತಾರೆ; ಮನುಷ್ಯರನ್ನವಲಂಬಿಸಿ ಬದುಕುವ ಉಪಾಹಾರಗೃಹಗಳು ದಡದ ಮೇಲಿವೆ. ಈ ಊರಿನ ಪುರಾಣವೂ ಶಾಸ್ತ್ರಕ್ಕೆ ಅನುಕೂಲವಾಗಿದೆ. ಒಂಬತ್ತನೆಯ ಶತಮಾನದಲ್ಲಿ ಗಾರ್ದರ್ ಸ್ವಾವಾರ್‌ಸನ್ ಎಂಬ ಸ್ವೀಡಿಷ್ ನಾವಿಕನು ಇಲ್ಲಿಗೆ ಬಂದು, ಮನೆಯೊಂದನ್ನು ಕಟ್ಟಿ, ಒಂದು ಚಳಿಗಾಲವನ್ನು ಕಳೆದು, ವಸಂತದಲ್ಲಿ ಹೊರಟುಹೋದನೆಂದು ಐಸ್‌ಲೆಂಡಿನ ಪ್ರಾಚೀನ ವಸತಿಗ್ರಂಥವು ಹೇಳುತ್ತದೆ. ಅವನೊಡನೆ ಬಂದಿದ್ದ ನಾತ್‌ಫಾರಿ ಎಂಬವನು ಒಬ್ಬ ದಾಸನೊಡನೆಯೂ ಒಬ್ಬಳು ದಾಸಿಯೊಡನೆಯೂ ಹಿಂದೆ ಉಳಿದು ಅಲ್ಲಿಯೇ ನೆಲೆಸಿದನಷ್ಟೆ. ಆದರೆ ದ್ವೀಪದ ಮೊದಲ ನಿವಾಸಿಯೆಂಬ ಗೌರವವನ್ನು ಚರಿತ್ರಕಾರರು ಅವನಿಗೆ ಕೊಡದೆ, ಮುಂದೆ ದಕ್ಷಿಣದಲ್ಲಿ ಬಂದಿಳಿದ ಇಂಗೋಲ್ಫರ್ ಎಂಬವನಿಗೆ ಕೊಟ್ಟುಬಿಟ್ಟರು. ಬಂದು, ನೋಡಿ, ಹೊರಟವನಿಗೆ ಹೆಸರು, ಉಳಿದವನಿಗೆ ಮರೆವು. ಹೊರಟುಹೋಗುವುದರಿಂದಲೇ ಮಹತ್ತ್ವವು ವ್ಯಕ್ತವಾಗುತ್ತದೆಂಬ ಈ ತತ್ತ್ವವೇ ನಮ್ಮ ಮೀಮಾಂಸೆಯ ಮೂಲಸೂತ್ರ.

ಮೀನು ಹಿಡಿಯುತ್ತಿದ್ದ ಓಕ್ ಮರದ ಹಳೆಯ ದೋಣಿಗಳನ್ನು ದುರಸ್ತಿಮಾಡಿ ಪ್ರವಾಸಿಗಳನ್ನು ಕರೆದೊಯ್ಯುವ ಪದ್ಧತಿ ಇಲ್ಲಿ 1995ರಲ್ಲಿ ಮೊದಲಾಯಿತು. 1997ರಲ್ಲಿ ತಿಮಿಂಗಿಲಗಳ ವಸ್ತುಸಂಗ್ರಹಾಲಯವೊಂದೂ ಹುಟ್ಟಿತು. ಅದು ಈಗ ಇರುವ ಕಟ್ಟಡ ಹಿಂದೊಮ್ಮೆ ಕಸಾಯಿಖಾನೆಯಾಗಿತ್ತು. ಅಸ್ಥಿಪಂಜರಗಳು ಅಲ್ಲಿ ಆಗಂತುಕರಂತೆ ಕಾಣುವುದಿಲ್ಲವೆಂದು ಮಾತ್ರ ಹೇಳಿ ಮುಂದುವರಿಯುತ್ತೇನೆ.

ದೋಣಿಯೇರುವವನು ಮೊದಲು ದಪ್ಪನೆಯ, ಅಡಿಯಿಂದ ಮುಡಿಯವರೆಗೆ ಮುಚ್ಚುವ ಮೇಲುಡುಪನ್ನು ಧರಿಸಬೇಕು. ಇದನ್ನು ತೊಟ್ಟ ಕ್ಷಣದಲ್ಲಿ ಸ್ತ್ರೀಪುರುಷ, ಸ್ಥೂಲಕೃಶ, ಧನಿಕದರಿದ್ರರೆಂಬ ಭೇದಗಳೆಲ್ಲ ಅಳಿದು, ಯತಿಗಳು ವರ್ಷಗಟ್ಟಲೆ ಸಾಧಿಸಿಯೂ ಪಡೆಯಲಾರದ ಸಮತೆಯು ಸಿದ್ಧಿಸುತ್ತದೆ. ಗಂಡನು ಪರಸ್ತ್ರೀಯ ಭುಜವನ್ನು ತಟ್ಟಿ “ನೋಡೇ, ಅಲ್ಲಿ!” ಎಂದು ಕೂಗುವುದು ಈ ಅದ್ವೈತಾನುಭವದ ಲಕ್ಷಣ, ಇದಕ್ಕೆ ಪ್ರಾಯಶ್ಚಿತ್ತವಿಲ್ಲ.

ಈಗ ಪ್ರಮಾಣವಿಚಾರ. ತಿಮಿಂಗಿಲದ ಅಸ್ತಿತ್ವವನ್ನು ಮೊದಲು ತಿಳಿಸುವುದು ಪ್ರತ್ಯಕ್ಷವಲ್ಲ, ಅನುಮಾನ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಸಮುದ್ರದ ಮೇಲೆ ಬಿಳಿಯ ಆವಿಯ ಪೊದೆಯನ್ನು ಕಂಡು ತಿಮಿಂಗಿಲವನ್ನು ಊಹಿಸಬೇಕು. ಆವಿಯನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವವನನ್ನು ನಮ್ಮ ನೈಯಾಯಿಕರು ಪರಿಹಾಸಮಾಡಿದ್ದಾರೆ. ಅವರು ಹೂಸವೀಕಿಗೆ ಬಂದಿದ್ದರೆ, ಆವಿಯೇ ಸದ್ಧೇತುವಾಗುವ ಪ್ರದೇಶವೂ ಉಂಟೆಂಬುದನ್ನು ಕಂಡು ತಮ್ಮ ದೃಷ್ಟಾಂತವನ್ನು ತಿದ್ದಿಕೊಳ್ಳುತ್ತಿದ್ದರು. ಈ ಆವಿಯು ಚಿತ್ರಕಾರರು ಬರೆಯುವಂತೆ ಕಾರಂಜಿಯಲ್ಲ. ಶ್ವಾಸಕೋಶದಿಂದ ರಭಸದಿಂದ ಹೊರಬಿದ್ದ ಬೆಚ್ಚನೆಯ ಉಸಿರು ಶೀತವಾಯುವಿನಲ್ಲಿ ಹನಿಗಟ್ಟಿ ಕಾಣುವ ರೂಪ. ನೀಲಿ ತಿಮಿಂಗಿಲದ್ದು ಎತ್ತರವಾದ ಸ್ತಂಭ. ಗೂನುಬೆನ್ನಿನದು ತಗ್ಗಿದ, ಹರಡಿದ ಪೊದೆ. ಆದರೆ ಗಾಳಿ ಬೀಸುವ ದಿನ ಕೊಲ್ಲಿಯ ತುಂಬ ತೆರೆಗಳ ಬಿಳಿನೊರೆಯೇಳುವುದರಿಂದ ಹೇತುವು ವ್ಯಭಿಚರಿಸಿ, ಅರ್ಧಗಂಟೆಯಲ್ಲಿ ನಲವತ್ತು ತಿಮಿಂಗಿಲಗಳನ್ನು ಊಹಿಸಿ ಒಂದನ್ನೂ ಕಾಣದ ಪಂಡಿತರುಂಟು.

ಅನುಮಾನ ಸೋತಲ್ಲಿ ಶಬ್ದಪ್ರಮಾಣ. ದೋಣಿಯ ಎತ್ತರದಲ್ಲಿ ನಿಂತ ಮಾರ್ಗದರ್ಶಕನು ಆಪ್ತನು. ಅವನ ವಾಕ್ಯವೇ ವೇದ. ಆತನು ಸಮುದ್ರವನ್ನು ಗಡಿಯಾರವನ್ನಾಗಿ ಪರಿವರ್ತಿಸಿ, ದೋಣಿಯ ಮೂತಿಯನ್ನು ಹನ್ನೆರಡೆಂದೂ ಹಿಂಬದಿಯನ್ನು ಆರೆಂದೂ ಕಲ್ಪಿಸಿ, “ಹನ್ನೊಂದು ಗಂಟೆ!” ಎಂದು ಘೋಷಿಸುತ್ತಾನೆ. ಶ್ರೋತೃಗಳಲ್ಲಿ ಮೂರು ವರ್ಗ. ಉತ್ತಮರು ಎಡಮುಂಭಾಗಕ್ಕೆ ನೋಡುತ್ತಾರೆ. ಮಧ್ಯಮರು ಉತ್ತಮರನ್ನು ನೋಡುತ್ತಾರೆ. ಅಧಮರು ಕೈಗಡಿಯಾರವನ್ನು ನೋಡಿ, ಇನ್ನೂ ಒಂಬತ್ತೂವರೆಯೆಂದು ಸಮಾಧಾನಪಟ್ಟು, ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚುತ್ತಾರೆ. ಬೇಸಿಗೆಯಲ್ಲಿ ಸೂರ್ಯನು ಮುಳುಗಿಯೂ ಮುಳುಗದಂತಿರುವ ಆ ದೇಶದಲ್ಲಿ ರಾತ್ರಿಯ ಹನ್ನೊಂದೋ ಬೆಳಗಿನ ಹನ್ನೊಂದೋ ಎಂಬ ಇನ್ನೊಂದು ಸಂಶಯವೂ ಅವರನ್ನು ಬಾಧಿಸಬಹುದು.

ಮಿಂಕೆ ಎಂಬ ಸಣ್ಣ ಜಾತಿಯ ವಿಷಯದಲ್ಲಿ ಈ ಎರಡು ಪ್ರಮಾಣಗಳೂ ನಿಷ್ಫಲ. ಅದರ ಉಸಿರು ಕಣ್ಣಿಗೆ ಬೀಳುವುದೇ ಅಪೂರ್ವ. ಗಾಳಿಯು ಅನುಕೂಲವಾಗಿದ್ದರೆ ಮೂಗಿಗೆ ಬೀಳುತ್ತದೆ. ಕೊಳೆತ ಮೀನಿನ ದುರ್ಗಂಧವುಳ್ಳ ಆ ಶ್ವಾಸದಿಂದಲೇ ಅದಕ್ಕೆ ನಾವಿಕರಲ್ಲಿ ಅಪಕೀರ್ತಿ ಬಂದಿದೆ. ಇಲ್ಲಿ ವೈಶೇಷಿಕದರ್ಶನದ ಪ್ರಾಮಾಣ್ಯವು ಸೂರ್ಯಸ್ಪಷ್ಟವಾಗಿ ಸಿದ್ಧವಾಗುತ್ತದೆ. ಗಂಧವು ಪೃಥ್ವಿಗೆ ಮಾತ್ರ ಸೇರಿದ ಗುಣ, ಜಲಕ್ಕೆ ಗಂಧವಿಲ್ಲವೆಂದು ಕಣಾದಮತ. ಮಿಂಕೆಗೆ ಗಂಧವಿದೆ, ಆದುದರಿಂದ ಅದು ಜಲೀಯವಲ್ಲ, ಪಾರ್ಥಿವ, ಎಂದರೆ ನೆಲದ ಪ್ರಾಣಿ. ಲಿನ್ನೇಯಸನು ಶ್ವಾಸಕೋಶ, ಬಿಸಿರಕ್ತ, ಸ್ತನ್ಯಪಾನಗಳೆಂಬ ಬಳಸುದಾರಿಗಳಲ್ಲಿ ತೊಳಲಿ, 1758ರಲ್ಲಿ ತಿಮಿಂಗಿಲಗಳನ್ನು ಮೀನಿನ ಗುಂಪಿನಿಂದ ತೆಗೆದು ಸಸ್ತನಿಗಳಲ್ಲಿ ಸೇರಿಸಿದನು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಅವುಗಳ ಪೂರ್ವಜರು ನಾಲ್ಕು ಕಾಲುಗಳಿಂದ ನೆಲದ ಮೇಲೆ ಓಡಾಡುತ್ತಿದ್ದರೆಂಬುದನ್ನು ತಿಳಿಯಲು ಈಚಿನವರು ಭೂಮಿಯನ್ನೇ ಅಗೆದರು. ಒಮ್ಮೆ ಮೂಗನ್ನು ಬಳಸಿದ್ದರೆ ಇಷ್ಟು ಆಯಾಸವಿರಲಿಲ್ಲ.

ಇನ್ನು ಪ್ರಕೃತಕ್ಕೆ, ಎಂದರೆ ಬಾಲಕ್ಕೆ. ಗೂನುಬೆನ್ನಿನ ತಿಮಿಂಗಿಲವು ನಾಲ್ಕಾರು ಸಲ ಉಸಿರೆಳೆದುಕೊಂಡು, ಬೆನ್ನನ್ನು ಕಮಾನಿನಂತೆ ಬಾಗಿಸಿ, ಆಳಕ್ಕಿಳಿಯುವ ಮುನ್ನ ತನ್ನ ವಿಶಾಲವಾದ ಬಾಲವನ್ನು ನೀರಿನ ಮೇಲೆ ನೆಟ್ಟಗೆ ಎತ್ತುತ್ತದೆ. ದೋಣಿಯಲ್ಲಿದ್ದವರೆಲ್ಲರೂ ಉದ್ಗರಿಸುವುದು ಆಗ. ಹನ್ನೆರಡರಿಂದ ಹದಿನಾರು ಮೀಟರು ಉದ್ದದ ಪ್ರಾಣಿಯು ಎದುರಿಗೆ ಬಂದು, ತೇಲಿ, ಉಸಿರಾಡಿ, ಸಮಸ್ತ ಸೌಜನ್ಯವನ್ನೂ ತೋರಿಸಿದಾಗ ಸುಮ್ಮನಿದ್ದವರು, ಅದು ತಮಗೆ ಬೆನ್ನು ತಿರುಗಿಸಿ ಹೊರಟಾಗ ಕರತಾಡನ ಮಾಡುವುದು ಮೇಲುನೋಟಕ್ಕೆ ಅಸಂಗತ. ಆದರೆ ನಮ್ಮ ಸಭೆಗಳಲ್ಲಿ ಭಾಷಣಕಾರನಿಗೆ ಚಪ್ಪಾಳೆ ಬೀಳುವ ಕಾಲವನ್ನು ಲಕ್ಷಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಬಾಲವೇ ಮುಖವೆಂಬ ಸಿದ್ಧಾಂತವನ್ನು ವಿಜ್ಞಾನಿಗಳೂ ಅಂಗೀಕರಿಸಿದ್ದಾರೆ. ಆ ಬಾಲದ ಅಡಿಭಾಗದಲ್ಲಿರುವ ಕಪ್ಪುಬಿಳುಪಿನ ವಿನ್ಯಾಸವೂ, ಅಂಚಿನ ಹಲ್ಲುಗಳೂ, ಓರ್ಕಾಗಳು ಕಚ್ಚಿದ ಅಥವಾ ಬಲೆಗಳು ಕೊಯ್ದ ಗಾಯದ ಗೆರೆಗಳೂ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲವಾದುದರಿಂದ, 1970ರ ದಶಕದಿಂದ ಅಮೆರಿಕದ ಮೇಯ್ನ್ ಪ್ರಾಂತದ ವಿದ್ವಾಂಸರು ಉತ್ತರ ಅಟ್ಲಾಂಟಿಕದ ಬಾಲಗಳ ಛಾಯಾಚಿತ್ರಗಳನ್ನು ಸಂಗ್ರಹಿಸಿ ಬಾಲಕೋಶವೊಂದನ್ನು ರಚಿಸುತ್ತಿದ್ದಾರೆ. ಬೇಸಗೆಯಲ್ಲಿ ಐಸ್‌ಲೆಂಡಿನಲ್ಲಿ ಮೇಯುವ ಪ್ರಾಣಿಯೇ ಚಳಿಗಾಲದಲ್ಲಿ ವೆಸ್ಟ್ ಇಂಡೀಸಿನ ಬೆಚ್ಚನೆಯ ನೀರಿನಲ್ಲಿ ಸಂಸಾರ ಹೂಡುತ್ತದೆಂಬುದು ಇಂತಹ ಎರಡು ಬಾಲಚಿತ್ರಗಳನ್ನು ಹೋಲಿಸಿದ್ದರಿಂದ ತಿಳಿದುಬಂದಿತು. (ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಇದೇ ಜಾತಿಯ ಒಂದು ಸಣ್ಣ ಪಂಗಡವಿದೆ, ಅದು ಯಾವ ಧ್ರುವಕ್ಕೂ ಹೋಗದೆ ವರ್ಷವಿಡೀ ಅಲ್ಲಿಯೇ ಇರುತ್ತದೆ. ನಾತ್‌ಫಾರಿಯ ಗತಿಯೇ ಅದಕ್ಕೂ ಒದಗಿ, ಅದನ್ನು ನೋಡಲೆಂದು ಯಾರೂ ದೋಣಿ ಹತ್ತುವುದಿಲ್ಲ.) ಮಿಂಕೆಯಾದರೋ ಮುಳುಗುವಾಗ ಬಾಲವನ್ನೆತ್ತುವುದಿಲ್ಲ, ಆದುದರಿಂದ ಅದು ಈ ಕೋಶದ ದೃಷ್ಟಿಯಲ್ಲಿ ಅನಾಮಧೇಯ. ದುರ್ಗಂಧವಿದ್ದರೂ ಹೆಸರಿಲ್ಲ, ಲೋಕದಲ್ಲಿ ಸಾಮಾನ್ಯವಾಗಿ ಇವೆರಡೂ ಒಟ್ಟಿಗೆ ಬರುತ್ತವೆ.

ಬಾಲವನ್ನೂ ಕಾಣದವರಿಗೆ ಅದು ಅಡಗಿದ ಸ್ಥಳದಲ್ಲಿ ಕೆಲವು ನಿಮಿಷ ಉಳಿಯುವ ನುಣುಪಾದ ನೀರಿನ ವೃತ್ತವೊಂದಿರುತ್ತದೆ. ಬಾಲದ ಹೊಡೆತಕ್ಕೆ ಕೆಳಗಿನ ನೀರು ಮೇಲೆದ್ದು ಸಣ್ಣ ಅಲೆಗಳನ್ನು ಅಳಿಸುವುದರಿಂದ ಇದು ಉಂಟಾಗುತ್ತದೆ. ಇದನ್ನು ಹೆಜ್ಜೆಗುರುತೆಂದು ಕರೆಯುವ ರೂಢಿಯಿದೆ. ಮರಳಿ ಮನೆಗೆ ಹೋದವರು ಬಂಧುಗಳಿಗೆ ತೋರಿಸುವ ಚಿತ್ರಗಳಲ್ಲಿ ಬಹುಭಾಗ ಇವೇ. ಬರಿಯ ನೀರಿನ ಚಿತ್ರವನ್ನು ಹಿಡಿದು “ಇಲ್ಲಿಯೇ ಇತ್ತು” ಎನ್ನುವವನ ಕಣ್ಣಿನಲ್ಲಿ ಹೊಳೆಯುವ ಶ್ರದ್ಧೆಯನ್ನು ಯಾವ ನಾಸ್ತಿಕನೂ ಖಂಡಿಸಲಾರನು.

ದೋಣಿಯಲ್ಲಿ ಇನ್ನೊಂದು ಪಂಥವುಂಟು, ಅದು ಖಗಪಂಥ. ಇವರು ದುರ್ಬೀನನ್ನು ಸದಾ ಆಕಾಶಕ್ಕೆತ್ತಿ, ತಿಮಿಂಗಿಲವು ನಡುವೆ ಬಂದರೆ ದೃಷ್ಟಿಗೆ ಅಡ್ಡಿಯಾಯಿತೆಂದು ಗೊಣಗುವವರು. ಕೊಲ್ಲಿಯ ಲುಂಡೇಯ್ ದ್ವೀಪದಲ್ಲಿ ಪಫಿನ್ ಹಕ್ಕಿಗಳು ಮಣ್ಣಿನಲ್ಲಿ ಬಿಲ ತೋಡಿ, ಜೋಡಿಗೊಂದರಂತೆ ಮೊಟ್ಟೆಯಿಟ್ಟು ಮರಿಮಾಡುತ್ತವೆ. ನಿಮಿಷಕ್ಕೆ ಸುಮಾರು 400 ಸಲ ರೆಕ್ಕೆ ಬಡಿದರೂ ಆಕಾಶದಲ್ಲಿರುವುದಕ್ಕೆ ತಮಗೆ ಅರ್ಹತೆಯಿದೆಯೇ ಎಂಬ ಸಂದೇಹ ಅವುಗಳ ಮುಖದಿಂದ ತೊಲಗುವುದಿಲ್ಲ. ಹೊಟ್ಟೆ ತುಂಬಿದ ದಿನವಂತೂ ನೀರಿನಿಂದ ಮೇಲೇಳಲಾರದೆ ತೆರೆಯಿಂದ ತೆರೆಗೆ ತಟಪಟನೆ ಓಡಿ ಕಡೆಗೆ ಮುಳುಗಿಬಿಡುತ್ತವೆ. ಕೊಕ್ಕಿನ ವರ್ಣವೈಭವವು ದಾಂಪತ್ಯಕಾಲದ್ದು ಮಾತ್ರ. ಋತು ಮುಗಿದ ಮೇಲೆ ಆ ಬಣ್ಣದ ಪದರಗಳು ಕಳಚಿಬೀಳುತ್ತವೆ. ಫುಲ್ಮರ್ ಎಂಬುದು ರೆಕ್ಕೆಯನ್ನಲುಗಿಸದೆ ತೇಲುವ ಯೋಗಿ. ಗೂಡಿನ ಬಳಿಗೆ ಬಂದವರ ಮೇಲೆ ಜಠರದ ಎಣ್ಣೆಯನ್ನು ವಮನ ಮಾಡುವುದು ಅದರ ಅತಿಥಿಸತ್ಕಾರ. ಆರ್ಕ್‌ಟಿಕ್ ಟರ್ನ್ ಉತ್ತರದ ಬೇಸಗೆಯನ್ನು ಮುಗಿಸಿ ದಕ್ಷಿಣಧ್ರುವದ ಬೇಸಗೆಗೆ ಹೊರಡುತ್ತದೆ. ವರ್ಷಕ್ಕೆ 70,000 ಕಿಲೋಮೀಟರಿಗೂ ಮಿಗಿಲಾಗಿ ಹಾರುವ ಆ ಹಕ್ಕಿಯ ಶ್ರಮವನ್ನು, ದಡದಲ್ಲಿ ತನ್ನ ಗೂಡಿನ ಬಳಿ ನಡೆದುಹೋಗುವವರ ನೆತ್ತಿಯನ್ನು ಕುಕ್ಕುವ ಅದರ ಕೋಪದೊಡನೆ ಸೇರಿಸಿ ನೋಡಿದರೆ ಆ ಕೋಪವನ್ನು ಕ್ಷಮಿಸಬಹುದು. ಸ್ಕುವಾ ಹಕ್ಕಿಯು ಇವರೆಲ್ಲರೂ ಹಿಡಿದ ಮೀನನ್ನು ಅಟ್ಟಿಸಿಕೊಂಡು ಹೋಗಿ ಬೀಳಿಸಿ ತಿನ್ನುತ್ತದೆ; ಅದರ ವಿಷಯವನ್ನು ಅರ್ಥಶಾಸ್ತ್ರಜ್ಞರಿಗೆ ಬಿಡುತ್ತೇನೆ. ಎರಡು ಪಂಥಗಳೂ ಪರಸ್ಪರ ಮಾತನಾಡದಿದ್ದರೂ, ನೀರಿನ ಕೆಳಗಿನಿಂದ ತಿಮಿಂಗಿಲವು ಮೀನನ್ನು ಮೇಲಕ್ಕಟ್ಟಿದಲ್ಲಿಯೇ ಹಕ್ಕಿಗಳು ಮುತ್ತುವ ಕಾರಣ, ಹಕ್ಕಿಗಳ ಗುಂಪನ್ನು ನೋಡಿಯೇ ನಾವಿಕನು ದೋಣಿಯನ್ನು ತಿರುಗಿಸುತ್ತಾನೆಂಬುದು ಎರಡೂ ಪಂಥಗಳವರು ಒಪ್ಪದ ಸತ್ಯ.

ರಸವಿಚಾರವನ್ನು ಸಂಕ್ಷೇಪಿಸುತ್ತೇನೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯಗಳೆಂದು ಭರತನು ಹೇಳಿದ ಎಂಟು ಸಾತ್ತ್ವಿಕಭಾವಗಳೂ ಒಬ್ಬನೇ ಪಾತ್ರದಲ್ಲಿ ಏಕಕಾಲಕ್ಕೆ ಕಾಣುವುದು ರಂಗಭೂಮಿಯಲ್ಲಿ ದುರ್ಲಭ. ಸ್ಕ್ಯಾಲ್ಫಾಂದಿಯಲ್ಲಿ ಉತ್ತರದ ಗಾಳಿಯೆದ್ದ ದಿನ ಸುಲಭ. ದೇಹವು ತೂಗಾಡುತ್ತಿದೆಯೆಂದು ಒಳಗಿವಿಯೂ, ಎದುರಿನ ಹಲಗೆ ಕದಲದೆ ನಿಂತಿದೆಯೆಂದು ಕಣ್ಣೂ ವಾದಿಸುವಾಗ, ತೀರ್ಪುಕೊಡಲು ಹೊಟ್ಟೆಯು ಮುಂದಾಗುವುದೇ ಇದರ ಕಾರಣವೆಂದು ವೈದ್ಯರ ಅಭಿಪ್ರಾಯ. ದಿಗಂತವನ್ನು ನೋಡುತ್ತ ಹೊರಗೆ ನಿಂತಿರಬೇಕೆಂಬುದು ಪರಿಹಾರ. ಹಿಂದಿರುಗುವಾಗ ಕೊಡುವ ಬಿಸಿ ಚಾಕೊಲೇಟನ್ನೂ ದಾಲ್ಚಿನ್ನಿಯ ಬನ್ನನ್ನೂ ಪಕ್ಕದವನ ಪಾಲಿನದೂ ಸೇರಿಸಿ ತಿನ್ನಬಲ್ಲವನೇ ಸಹೃದಯ.

ಭಕ್ಷ್ಯವಿಚಾರದಲ್ಲಿ ಒಂದು ತೊಡಕಿದೆ. ಐಸ್‌ಲೆಂಡು 2006ರಲ್ಲಿ ವಾಣಿಜ್ಯ ತಿಮಿಂಗಿಲಬೇಟೆಯನ್ನು ಮತ್ತೆ ಆರಂಭಿಸಿತು. ಮಿಂಕೆಯ ಮಾಂಸವು ರಾಜಧಾನಿಯ ಭೋಜನಗೃಹಗಳಲ್ಲಿ ಬಡಿಸಲ್ಪಟ್ಟಿತು. ಅದನ್ನು ತಿಂದವರಲ್ಲಿ ಪ್ರವಾಸಿಗಳೂ ಬಹುಮಂದಿ. ನೋಡಿದ್ದನ್ನೇ ತಿನ್ನುವುದು ಭಕ್ತಿಯ ಪರಾಕಾಷ್ಠೆಯೇ, ಅಥವಾ ಬಾಲವನ್ನೆತ್ತದೆ ಹೋದುದಕ್ಕೆ ವಿಧಿಸಿದ ದಂಡವೇ ಎಂಬುದರಲ್ಲಿ ವ್ಯಾಖ್ಯಾನಕಾರರು ಭಿನ್ನರಾಗಿದ್ದಾರೆ.

ಕಡೆಯದಾಗಿ ಅಭಾವಪ್ರಕರಣ. ಏನೂ ಕಾಣದಿದ್ದರೆ ಇನ್ನೊಂದು ಯಾನಕ್ಕೆ ಉಚಿತವಾಗಿ ಟಿಕೆಟ್ ಕೊಡುವ ವಾಡಿಕೆ ಹಲವು ದೋಣಿಯವರಲ್ಲಿ ಉಂಟು. ಅಭಾವವೂ ಒಂದು ಪದಾರ್ಥವೆಂದ ನೈಯಾಯಿಕರ ಪಕ್ಷವು ಇದರಿಂದ ಲೋಕವ್ಯವಹಾರದಲ್ಲಿಯೇ ಸ್ಥಾಪಿತವಾಯಿತು. ಕಾಣದಿದ್ದುದಕ್ಕೆ ಬೆಲೆಯಿದೆ, ಅದನ್ನು ಮುದ್ರಿಸಿ ಕೈಗೆ ಕೊಡುತ್ತಾರೆ. ಆದರೆ ಅಂಗೈಯಗಲದ ಈಜುರೆಕ್ಕೆಯ ಪಾರ್ಪಾಯ್ಸ್ ಒಂದು ಕಣ್ಣು ಮಿಟುಕಿಸುವಷ್ಟು ಕಾಲ ತೋರಿ, ಅದನ್ನು ಮಾರ್ಗದರ್ಶಕನೊಬ್ಬನೇ ಕಂಡಿದ್ದರೆ ಗತಿಯೇನು? ಪಾರ್ಪಾಯ್ಸ್ ಹಲ್ಲುಳ್ಳ ತಿಮಿಂಗಿಲಗಳ ವರ್ಗಕ್ಕೆ ಸೇರಿದುದರಿಂದ ದರ್ಶನವಾದಂತೆಯೇ ಎಂದು ದೋಣಿಯವರ ಪಕ್ಷ. ಆಪ್ತವಾಕ್ಯವು ಮೋಕ್ಷಕ್ಕೆ ಸಾಕಾದರೂ ಹಣಕಾಸಿಗೆ ಸಾಲದೆಂದು ಪ್ರಯಾಣಿಕರ ಪಕ್ಷ. ಆಗಸ್ಟ್ ಕಳೆದು ಪಫಿನ್‌ಗಳೆಲ್ಲ ಹೊರಟುಹೋದ ಮೇಲೆ ಬಂದ ಖಗಪಂಥದವರು ತಮಗೂ ಅಭಾವಪತ್ರ ಬೇಕೆಂದು ನಡುವೆ ಬಾಯಿಹಾಕುತ್ತಾರೆ. ವಾದವು ದಡದ ಮೇಲೆ ಕಾವೇರುತ್ತಿರುವಾಗ, ಟಿಕೆಟ್ ಕೊಡುವ ಹುಡುಗಿಯು ನಾಳೆಯ ದೋಣಿಯಲ್ಲಿ ಎಷ್ಟು ಜಾಗ ಮಿಕ್ಕಿದೆಯೆಂದು ಪುಸ್ತಕದಲ್ಲಿ ನೋಡಿಕೊಂಡು ತೀರ್ಪು ಹೇಳಿಬಿಡುತ್ತಾಳೆ. ಆಕೆ ಷಡ್ದರ್ಶನಗಳಲ್ಲಿ ಯಾವುದಕ್ಕೆ ಸೇರಿದವಳೆಂಬುದನ್ನು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ.