ಸೀಟು ಸಿಕ್ತಂತೆ!

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಕಟಾಫ್ ಎಷ್ಟು, ಡೊನೇಷನ್ ಎಷ್ಟು ಎಂಬ ಮಾತು ನಡೆದರೆ, ನಮ್ಮಂಥ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದೇ ಚಿಂತೆ: ಈ ವರ್ಷ ಹುಡುಗರು ಬರ್ತಾರಾ? ದಾಖಲಾತಿ ಸಮಿತಿಯವರಾದ ನಾವು ಕರಪತ್ರದ ಕಟ್ಟು ಹಿಡಿದು ಸುತ್ತಲಿನ ಪಿಯು ಕಾಲೇಜುಗಳಿಗೆ ಹೊರಡುತ್ತೇವೆ. ‘ನುರಿತ ಅಧ್ಯಾಪಕ ವೃಂದ, ವಿಶಾಲವಾದ ಆಟದ ಮೈದಾನ’ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಮೈದಾನದ ವಿಷಯ ಖಂಡಿತ ಸುಳ್ಳಲ್ಲ, ಊರಿನ ದನಗಳೇ ಸಾಕ್ಷಿ. ಅಧ್ಯಾಪಕರು ನುರಿತವರೇ. ಆದರೆ ಅವರಲ್ಲಿ ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು. ಹುಡುಗರ ಹಾಗೆ ಅವರೂ ಅರ್ಜಿ ಹಾಕಿಯೇ ಒಳಗೆ ಬರಬೇಕು.

ಹೀಗೆ ಚಿಕ್ಕ ಕಾಲೇಜಿನಲ್ಲಿ ವಿದ್ಯಾರ್ಥಿ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಕಾಲೇಜು ವಿದ್ಯಾರ್ಥಿಗೆ ಅರ್ಜಿ ಹಾಕಿರುತ್ತದೆ. ದೊಡ್ಡ ಕಾಲೇಜಿನವರು ಯಾರನ್ನು ಬಿಡೋಣ ಎಂದು ಕಾಗದ ನೋಡಿದರೆ, ನಾವು ಹೇಗೆ ಸೇರಿಸಿಕೊಳ್ಳೋಣ ಎಂದು ನೋಡುತ್ತೇವೆ.

ನಮ್ಮ ಕಡೆಯ ಹುಡುಗಿಯರು ಕಾಲೇಜು ಆರಿಸುವಾಗ ನ್ಯಾಕ್ ಗ್ರೇಡ್ ಕೇಳುವುದಿಲ್ಲ. ಸಂಜೆ ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಗಂಡುಹುಡುಗರು ಮಾತ್ರ ಬಸ್ ಪಾಸಿಗೆಂದು ಇನ್ನೊಂದು ಅರ್ಜಿ ತುಂಬುತ್ತ, ಅಕ್ಕತಂಗಿಯರನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ.

ಈಗ ಅರ್ಜಿ ಆನ್‌ಲೈನು. ಆದರೂ ಯಾರೂ ಮನೆಯಲ್ಲಿ ಕೂತು ಅರ್ಜಿ ಹಾಕುವುದಿಲ್ಲ. ಬಸ್‌ಸ್ಟ್ಯಾಂಡಿನ ಸೈಬರ್ ಸೆಂಟರಿನ ಹುಡುಗ ಒಂದಷ್ಟು ತುಂಬಿಕೊಡುತ್ತಾನೆ. ಉಳಿದದ್ದನ್ನು ನಮ್ಮ ವರಾಂಡದಲ್ಲಿ ಬೆಂಚು ಹಾಕಿ ತುಂಬಿಸುತ್ತೇವೆ. ಮಳೆ ಜೋರಾದರೆ ನೆಟ್‌ವರ್ಕ್ ಹೋಗುತ್ತದೆ, ಆಗ ಬೆಂಚಿನ ಮೇಲೆ ಊರ ಸಮಾಚಾರ ಶುರು.

ಹೋದ ಸಲ ಇಂಥದೇ ಮಳೆಯಲ್ಲಿ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಸೀರೆ ಅಂಗಡಿಯ ಚೀಲ. ಅದರೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಗುಂಡಿ ಒತ್ತುವ ಫೈಲು, ಫೈಲಿನೊಳಗೆ ಹುಡುಗನ ಇಡೀ ಜಾತಕ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಿಯುಸಿ ಮಾರ್ಕ್ಸ್ ಕಾರ್ಡು, ಟಿ.ಸಿ., ನಾಡಕಚೇರಿಯಿಂದ ತಂದ ಜಾತಿ–ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಜೆರಾಕ್ಸು. ಎಲ್ಲದರ ಕೆಳಗೆ, ಯಾರೂ ಕೇಳದಿದ್ದರೂ, ಮೂರನೇ ಕ್ಲಾಸಿನ ಓಟದಲ್ಲಿ ಗೆದ್ದ ಸರ್ಟಿಫಿಕೇಟು. “ಇದೂ ಬೇಕಾಗ್ತದೇನೋ ನೋಡಿ ಸಾರ್” ಅಂದರು. ಹುಡುಗ ತಲೆ ಬಗ್ಗಿಸಿದ. ನಾನು ಆ ಸರ್ಟಿಫಿಕೇಟನ್ನೂ ಪೂರ್ತಿ ಓದಿ, “ಇಟ್ಕೊಂಡಿರಿ ಅಮ್ಮ, ಸ್ಪೋರ್ಟ್ಸ್ ಮೇಷ್ಟ್ರಿಗೆ ತೋರಿಸಬಹುದು” ಅಂದೆ.

ಅಸಲು ಕಷ್ಟ ಹೆಸರಿನದು. ಅಪ್ಪಂದಿರ ಕಾಲದಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿತ್ತು. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೇ ಜನ್ಮದಿನ. ಈಗಿನ ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟಿದವರು, ತಾರೀಖು ಸರಿಯಾಗಿರುತ್ತದೆ. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಕೆ., ಆಧಾರಿನಲ್ಲಿ ಕೆ. ಮಂಜುನಾಥ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಂಜುನಾಥ ಕೃಷ್ಣಪ್ಪ. ಮನೆಯಲ್ಲಿ ಬರೀ ಮಂಜ. ನಾಲ್ವರೂ ಒಬ್ಬನೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ವಿದ್ಯಾರ್ಥಿವೇತನ ಬರಬೇಕಾದರೆ ಆಧಾರಿಗೂ ಬ್ಯಾಂಕ್ ಖಾತೆಗೂ ನಂಟು ಕೂಡಬೇಕು. ಹಾಗಾಗಿ ಡಿಗ್ರಿ ಓದಲು ಬಂದ ಹುಡುಗ ಮೊದಲ ವಾರ ಓದುವುದು ತನ್ನ ಹೆಸರನ್ನೇ.

ಕಾಗದ ಮುಗಿದ ಮೇಲೆ ಕಾಂಬಿನೇಷನ್. ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ. ಇತಿಹಾಸದವರೂ ಅರ್ಥಶಾಸ್ತ್ರದವರೂ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ. ಎಚ್ ಮತ್ತು ಇ ಎಲ್ಲದರಲ್ಲೂ ಇದ್ದೇ ಇದೆ. ಪೈಪೋಟಿ ಏನಿದ್ದರೂ ಕೊನೆಯ ಅಕ್ಷರಕ್ಕೆ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ ಮೂವರೂ ಅಕ್ಕಪಕ್ಕದ ಕುರ್ಚಿಯಲ್ಲಿ ನಗುಮುಖದಿಂದ ಕಾಯುತ್ತೇವೆ. ಓದುವವರು ಕಡಿಮೆಯಾದರೆ ಕಾರ್ಯಭಾರ ಕಡಿಮೆ, ಕಾರ್ಯಭಾರ ಕಡಿಮೆಯಾದರೆ ಮೇಷ್ಟ್ರ ಗಂಟುಮೂಟೆ ಬೇರೆ ಊರಿಗೆ.

“ಯಾವುದು ತಗೋತೀಯಪ್ಪ?”

“ಯಾವುದು ಸುಲಭ ಸಾರ್?”

ಇಂಥ ಪ್ರಶ್ನೆಗೆ ಸಮಾಜಶಾಸ್ತ್ರದ ಮೇಡಂ ಬಾಯಿ ತೆರೆಯುವುದರೊಳಗೆ ನಾನು ‘ಕನ್ನಡ’ ಎಂದು ಬಿಡುತ್ತೇನೆ. ಹಳಗನ್ನಡದ ವಿಷಯ ಮೊದಲ ಸೆಮಿಸ್ಟರಿನಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ಈ ಮೂರಕ್ಷರಗಳಿಗೂ ಒಂದು ವನವಾಸ ಆಗಿ ಹೋಯಿತು. 2021ರಲ್ಲಿ ಹೊಸ ಶಿಕ್ಷಣ ನೀತಿ ರಾಜ್ಯದಲ್ಲಿ ಜಾರಿಗೆ ಬಂದಾಗ ನಾಲ್ಕು ವರ್ಷದ ಡಿಗ್ರಿ ಎಂದರು; ಮೇಜರ್, ಓಪನ್ ಎಲೆಕ್ಟಿವ್ ಎಂಬ ಮಾತುಗಳನ್ನು ನಾವೇ ಕಲಿತು ವರಾಂಡದಲ್ಲಿ ತಂದೆತಾಯಿಗಳಿಗೆ ವಿವರಿಸಿದೆವು. ಅವರು ಕೊನೆಗೆ ಕೇಳಿದ್ದು ಒಂದೇ, “ಅಂದ್ರೆ ಮದುವೆ ಒಂದು ವರ್ಷ ಮುಂದಕ್ಕೆ ಹೋಯ್ತಾ?” ಹುಡುಗಿಯರ ಮುಖದಲ್ಲಿ ಆಗ ಮಿಂಚಿದ ಸಂತೋಷ ಯಾವ ನೀತಿಯ ಕರಡಿನಲ್ಲೂ ಬರೆದಿರಲಿಲ್ಲ. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಹಳೆಯ ಕಾಂಬಿನೇಷನ್ನುಗಳೂ ಊರಿಗೆ ಬಂದವು.

ಇಷ್ಟೆಲ್ಲ ಆದ ಮೇಲೆ ನಮ್ಮ ಪ್ರಿನ್ಸಿಪಾಲರು ಒಂದು ಶಾಸ್ತ್ರ ಬಿಡುವುದಿಲ್ಲ: ಆಯ್ಕೆ ಪಟ್ಟಿ. ರೋಸ್ಟರ್ ಪ್ರಕಾರ, ಅಂಕಗಳ ಪ್ರಕಾರ ಪಟ್ಟಿ ಮಾಡಿ, ಸೀಲು ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಲೇಬೇಕು. ಬಿ.ಎ.ಗೆ ಇರುವ ಸೀಟಿಗಿಂತ ಬಂದ ಅರ್ಜಿಯೇ ಕಡಿಮೆ, ಅರ್ಜಿ ಹಾಕಿದವರೆಲ್ಲ ಪಟ್ಟಿಯಲ್ಲಿದ್ದಾರೆ. “ಇದಕ್ಕೆ ಪಟ್ಟಿ ಯಾಕೆ ಸಾರ್?” ಎಂದು ಒಮ್ಮೆ ಕೇಳಿದ್ದೆ. “ನಿಯಮ ಕಣ್ರೀ” ಅಂದರು.

ಆದರೆ ಪಟ್ಟಿ ಅಂಟಿಸಿದ ದಿನ ಬೋರ್ಡಿನ ಮುಂದೆ ನಿಂತು ನೋಡಬೇಕು. ಮೊದಲ ಸಾಲಿನಿಂದ ಬೆರಳು ಇಳಿಸುತ್ತ ಬರುತ್ತಾರೆ, ಹೆಸರು ಸಿಕ್ಕ ಕೂಡಲೇ ಮೊಬೈಲಿನಲ್ಲಿ ಫೋಟೋ. ಆ ಸೀರೆ ಅಂಗಡಿ ಚೀಲದ ತಾಯಿಯೂ ಬಂದಿದ್ದರು. ಮಗನ ಹೆಸರು ಕೆಳಗಿನಿಂದ ಎರಡನೆಯದು. ಅಲ್ಲೇ ತಮ್ಮನಿಗೆ ಫೋನ್ ಹಚ್ಚಿ, ಇಡೀ ಕಾಲೇಜಿಗೆ ಕೇಳುವಂತೆ, “ಮಂಜಂಗೆ ಗೌರ್ಮೆಂಟ್ ಕಾಲೇಜಲ್ಲೇ ಸೀಟು ಸಿಕ್ತು ಕಣೋ!” ಎಂದರು. ಆಮೇಲೆ ಬೇಕರಿಯಿಂದ ಪೇಡಾ ತರಿಸಿ ಸ್ಟಾಫ್ ರೂಮಿಗೂ ಕಳಿಸಿದರು.

ಸೀಟು ಎಷ್ಟು, ಅರ್ಜಿ ಎಷ್ಟು ಎಂಬ ಲೆಕ್ಕ ಅವರಿಗೆ ಹೇಳುವಷ್ಟು ಪ್ರಾಮಾಣಿಕರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರ ಮನೆಯಲ್ಲಿ ಡಿಗ್ರಿಗೆ ಬಂದ ಮೊದಲಿಗ ಅವನು. ಆ ಮನೆಯ ಮಟ್ಟಿಗೆ ಇದ್ದದ್ದು ಒಂದೇ ಸೀಟು, ಅದು ಸಿಕ್ಕಿತ್ತು. ನನಗೂ ಎಚ್‌ಇಕೆಗೆ ಒಬ್ಬ ಸಿಕ್ಕಿದ್ದ. ಪೇಡಾ ಎರಡು ತಿಂದೆ.