ಖಾಲಿ ಸ್ಲಾಟು

ನಮ್ಮ ಕುಂದಾಪುರದ ಕಡೆ ಜಾಗ ಖಾಲಿ ಬಿಡುವ ಕ್ರಮ ಇಲ್ಲ. ಹಿತ್ತಿಲಲ್ಲಿ ಗೇಣು ನೆಲ ಉಳಿದರೂ ಅಲ್ಲೊಂದು ಬಸಳೆ ಚಪ್ಪರ ಏಳುತ್ತದೆ. ಹಾಗಿರುವಾಗ ನನ್ನ ಹಳೆಯ ಪೆಂಟಿಯಂ 4 ಕಂಪ್ಯೂಟರಿನ ಹೊಟ್ಟೆಯೊಳಗೆ ಬಿಳಿ ಪಿಸಿಐ ಸ್ಲಾಟೊಂದು ಸುಮ್ಮನೆ ಬಾಯಿ ತೆರೆದು ಕೂತಿದ್ದರೆ ನನಗೆ ನಿದ್ದೆ ಹತ್ತುವುದಾದರೂ ಹೇಗೆ?

ಮೊದಲು ಅಲ್ಲಿ ಮೋಡೆಮ್ ಕಾರ್ಡಿತ್ತು. ಇಂಟರ್‌ನೆಟ್ಟಿಗಾಗಿ 172233ಕ್ಕೆ ಡಯಲ್ ಮಾಡಿ, ಅದು ಕಿರುಚಿ ಮುಗಿಸುವವರೆಗೆ ಕಾಯುತ್ತಿದ್ದ ಕಾಲ. ಕರಾವಳಿಯಲ್ಲಿ ಮೋಡೆಮ್‌ಗಳು ವಯಸ್ಸಾಗಿ ಸತ್ತದ್ದು ಕಡಿಮೆ, ಸಿಡಿಲಿಗೆ ಹೋದದ್ದೇ ಹೆಚ್ಚು. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ಗನ್ನು ಎಲ್ಲರೂ ಕೀಳುತ್ತಿದ್ದರು, ಫೋನಿನ ವಯರು ಮಾತ್ರ ಅಲ್ಲೇ ಇರುತ್ತಿತ್ತು. ಸಿಡಿಲಿಗೆ ಅಷ್ಟು ದಾರಿ ಸಾಕು. ಕಾರ್ಡು ಕಿತ್ತ ಮೇಲೆ ಹಿಂಬದಿಯ ಸಂದಿ ಮುಚ್ಚುವ ತಗಡಿನ ಪಟ್ಟಿ ಸಿಗಲಿಲ್ಲ. ಅಲ್ಲಿ ಒಂದು ಕಣಜ ಮಣ್ಣು ತಂದು ಗೂಡು ಕಟ್ಟಲು ಹೊರಟಿತು. ಜಾಗದ ಬೆಲೆ ಅದಕ್ಕೂ ಗೊತ್ತು.

ಆಮೇಲೆ ಟಿವಿ ಟ್ಯೂನರ್ ಹಾಕಿದೆ, ಪರದೆ ತುಂಬ ಅಕ್ಕಿಕಾಳು ಉದುರಿತು. ಯುಎಸ್‌ಬಿ ಕಾರ್ಡು ಹಾಕಿದೆ, ಬೈಂದೂರಿನ ಸ್ನೇಹಿತ "ಎರಡ್ ದಿನಕ್ಕ್ ಕೊಡಿ" ಎಂದು ಒಯ್ದ. ಬೈಂದೂರು ಬೇರೆ ತಾಲೂಕಾಯಿತು, ಕಾರ್ಡು ಮಾತ್ರ ಗಡಿ ದಾಟಿ ಬರಲಿಲ್ಲ. "ಇದನ್ನ್ ಗುಜರಿಗೆ ಹಾಕಿ ಮರ್ರೆ" ಎಂಬ ಸಲಹೆ ಮಾತ್ರ ಎಲ್ಲರಿಂದಲೂ ಪುಕ್ಕಟೆ ಸಿಕ್ಕಿತು. ವರ್ಷಕ್ಕೊಂದು ಫೋನ್ ಬದಲಾಯಿಸುವವರಿಗೆ ಈ ಸಲಹೆ ಕೊಡುವ ಉತ್ಸಾಹ ಎಲ್ಲಿಂದ ಬರುತ್ತದೋ!

ಕೊನೆಗೆ ಸ್ಲಾಟಿಗೆ ಕೆಲಸ ಕೊಟ್ಟದ್ದು ಅಟ್ಟದ ಟ್ರಂಕು. ತೆರೆದರೆ ಯಕ್ಷಗಾನದ ಕ್ಯಾಸೆಟ್ಟುಗಳು, ಹೆಚ್ಚಿನವು ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದ್ಯಗಳು. ಅವನ್ನು ಕಂಪ್ಯೂಟರಿಗೆ ಇಳಿಸಬೇಕು. ಬೋರ್ಡಿನಲ್ಲೇ ಇದ್ದ ನೀಲಿ ಲೈನ್-ಇನ್ ತೂತು ಉಪ್ಪುಗಾಳಿಗೆ ಕಿಲುಬು ಹಿಡಿದು ಹಸಿರಾಗಿತ್ತು. ಗುಜರಿಯಿಂದಲೇ ಹಳೆಯ ಸೌಂಡ್ ಬ್ಲಾಸ್ಟರ್ ಕಾರ್ಡೊಂದನ್ನು ತಂದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಲಾಟಿಗೆ ಒತ್ತಿದೆ. ಟಕ್ ಎಂದು ಕೂತಿತು. 1992ರಲ್ಲಿ ಇಂಟೆಲ್ ಹೊರತಂದ ಈ ಪಿಸಿಐ ದಾರಿಯಲ್ಲಿ ಸೆಕೆಂಡಿಗೆ 133 ಎಂಬಿ ಸಾಗಬಹುದು. ಪದ್ಯಕ್ಕೆ, ಸಿಡಿ ಗುಣಮಟ್ಟದಲ್ಲಿ ತುಂಬಿದರೂ, ನಿಮಿಷಕ್ಕೆ ಸುಮಾರು 10 ಎಂಬಿ ಸಾಕು. ಧಾರಾಳವಾಯಿತು.

ಇನ್ನು ರೆಕಾರ್ಡಿಂಗ್. ಒಂದು ಗಂಟೆಯ ಕ್ಯಾಸೆಟ್ ಇಳಿಸಲು ಒಂದು ಗಂಟೆ ಬೇಕೇ ಬೇಕು, ಅವಸರಕ್ಕೆ ಅವಕಾಶವಿಲ್ಲ. ನಾನು ಹೆಡ್‌ಫೋನು ಏರಿಸಿ, ಗಂಭೀರವಾಗಿ ಕೈ ಮೇಲೆತ್ತಿ, "ರೆಕಾರ್ಡಿಂಗ್!" ಎಂದೆ. ಅಷ್ಟೇ ಹೇಳಿದ್ದು. ಸದ್ದು ಮಾಡಬೇಡಿ ಎಂದು ನಾನು ಹೇಳಲೇ ಇಲ್ಲ. ಆದರೆ ಮನೆ ಮೌನವಾಯಿತು. ಮಿಕ್ಸಿ ನಿಂತಿತು, ಅರೆದಿದ್ದ ಅರ್ಧ ಮಸಾಲೆ ಹಾಗೇ ಉಳಿಯಿತು. ಫ್ಯಾನು ನಿಂತಿತು. ಅಮ್ಮ ಕೆಮ್ಮು ಬಂದಾಗೆಲ್ಲ ಎದ್ದು ಅಂಗಳಕ್ಕೆ ಹೋಗಿ ಕೆಮ್ಮಿ, ಹಿಮ್ಮಡಿ ಎತ್ತಿ ನಡೆದು ಒಳಗೆ ಬರುತ್ತಿದ್ದರು. ಗೇಟಿನಲ್ಲಿ ಮೀನಿನ ಹೆಂಗಸು "ಹ್ವಾಯ್, ಬಂಗ್ಡಿ ಬೇಕಾ?" ಎಂದು ಕೂಗಿದಾಗ ನನ್ನ ಹೆಂಡತಿ ಓಡಿಹೋಗಿ ಬಾಯಿಗೆ ಬೆರಳಿಟ್ಟಳು. ಯಾರೋ ಮಲಗಿದ್ದಾರೆ, ಬಹುಶಃ ಕೊನೆಯ ಗಳಿಗೆ ಎಂದುಕೊಂಡಿತೋ ಏನೋ ಆ ಜೀವ, ಮುಖ ಸಣ್ಣ ಮಾಡಿಕೊಂಡಿತು. ಚೌಕಾಸಿಯೆಲ್ಲ ಬೆರಳಲ್ಲೇ ನಡೆಯಿತು. ಎರಡು ಬಂಗುಡೆ ಹೆಚ್ಚಿಗೆ ಬಂತು.

ಇಂಥ ಗಂಟೆಗಳು ನಮ್ಮ ಮನೆಯಲ್ಲಿ ದಿನವೂ ಬರತೊಡಗಿದವು. ನಾನು ಬಹಳ ಸುಖವಾಗಿದ್ದೆ. ಒಮ್ಮೊಮ್ಮೆ ಕ್ಯಾಸೆಟ್ ಮುಗಿದ ಮೇಲೂ ಕೈ ಇಳಿಸುತ್ತಿರಲಿಲ್ಲ.

ಬೆಂಗಳೂರಿನಿಂದ ಬಂದ ಸೋದರಳಿಯ ಎಲ್ಲ ಕೆಡಿಸಿದ. "ಮಾವ, ಇದ್ ಲೈನ್-ಇನ್ ಅಲ್ದಾ? ವಯರಂಗ್ ಬಪ್ದ್ ಮಾತ್ರ ರೆಕಾರ್ಡ್ ಆಪ್ದ್. ನೀವ್ ಹತ್ರ ಕೂತ್ಕಂಡ್ ಬೊಬ್ಬೆ ಹೊಡದ್ರೂ ಅದ್ಕ್ ಕೇಂತಿಲ್ಲ!" ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡಿದಳು. "ನಿಮ್ಗ್ ಗೊತ್ತಿತ್ತಾ?" ನಾನು ಹೆಡ್‌ಫೋನು ತೆಗೆಯಲಿಲ್ಲ. ಅಂದಿನಿಂದ ರೆಕಾರ್ಡಿಂಗ್ ಹೊತ್ತಿಗೇ ಮಿಕ್ಸಿ ತಿರುಗುತ್ತದೆ.

"ಯೂಟ್ಯೂಬಂಗೆ ಎಲ್ಲಾ ಇತ್ತ್" ಎಂದೂ ಅವನು ಹೇಳಿದ. ಇರಬಹುದು. ಆದರೆ ಈ ಟ್ರಂಕಿನಲ್ಲಿ ಅಂಗಡಿಯ ಕ್ಯಾಸೆಟ್ಟುಗಳಷ್ಟೇ ಇರಲಿಲ್ಲ. ಅಪ್ಪ ಬಯಲಾಟದಲ್ಲಿ ಟೇಪ್ ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ತುಂಬಿಸಿದವೂ ಇದ್ದವು. ನಾವಡರು 1990ರಲ್ಲಿ ಅಪಘಾತದಲ್ಲಿ ಹೋದರು, ಮೂವತ್ತು ದಾಟಿದ ಹೊಸದರಲ್ಲೇ. ಒಂದು ಕ್ಯಾಸೆಟ್ಟಿನಲ್ಲಿ ಅವರ ಏರುಪದ್ಯ, ಹಿಂದೆ ಚೆಂಡೆ, ನಡುವೆ ತೀರ ಹತ್ತಿರದಿಂದ "ಆಹಾ" ಎಂದೊಂದು ದನಿ. ಅಪ್ಪನದು. ಆ ಟೇಪಿನ ಒಂದಂಚು ಈಗಾಗಲೇ ಸುಕ್ಕಾಗಿದೆ, ಇನ್ನೊಂದು ಮಳೆಗಾಲ ತಡೆಯುತ್ತಿರಲಿಲ್ಲ. ಅಮ್ಮನಿಗೆ ಕೇಳಿಸಿದೆ. ಅಂದು ಮಿಕ್ಸಿ ತಿರುಗಲಿಲ್ಲ.

ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ 2014ರಲ್ಲೇ ಅದರ ಕೈ ಬಿಟ್ಟಿದೆ, ಆದ್ದರಿಂದ ಇಂಟರ್‌ನೆಟ್ಟಿಗೆ ಜೋಡಿಸಿಲ್ಲ. ಈಗಿನ ಹೊಸ ಬೋರ್ಡುಗಳಲ್ಲಿ ಈ ಬಿಳಿ ಸ್ಲಾಟು ಸಿಗುವುದೇ ಅಪರೂಪ. ಹಾಗಾಗಿ ಗುಜರಿಯವನು ಬಂದಾಗ ಕಂಪ್ಯೂಟರಿನ ಮೇಲೆ ಪಂಚೆ ಹೊದೆಸುತ್ತೇನೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಅಟ್ಟದಲ್ಲಾದರೂ ಮನೆಯವರೇ ತುಂಬಿಸಿದ ಯಕ್ಷಗಾನದ ಕ್ಯಾಸೆಟ್ಟಿದ್ದರೆ ಎಸೆಯಬೇಡಿ, ತನ್ನಿ, ಇಳಿಸಿ ಕೊಡುತ್ತೇನೆ. ಬೂಷ್ಟು ಹಿಡಿದದ್ದಾದರೆ ಮಾತ್ರ ಮೊದಲೇ ಹೇಳಿ, ಅದು ಪ್ಲೇಯರಿನ ಹೆಡ್ಡಿಗೆ ಅಂಟುತ್ತದೆ.