ಹೂಳುಶಾಸ್ತ್ರ ಪ್ರವೇಶಿಕೆ

ಹಳೆಯ ಹಾಲಿವುಡ್ ಚಿತ್ರಗಳನ್ನೂ ಅದೇ ಕಪಾಟಿನಲ್ಲಿ ರಾಜ್‌ಕುಮಾರ್ ಚಿತ್ರಗಳನ್ನೂ ಕ್ಯಾಸೆಟ್, ವಿಸಿಡಿ, ಡಿವಿಡಿಗಳ ರೂಪದಲ್ಲಿ ಕೂಡಿಟ್ಟವರನ್ನು ಲೋಕ ಚಿತ್ರರಸಿಕರೆಂದು ಕರೆಯುತ್ತದೆ. ಇದು ಶಾಸ್ತ್ರಕ್ಕೆ ಮಾಡಿದ ಅಪಚಾರ. ರಸಿಕನಾದವನು ಚಿತ್ರ ನೋಡುತ್ತಾನೆ; ಸಂಗ್ರಾಹಕನಿಗೆ ಆ ಚಾಪಲ್ಯವಿಲ್ಲ. ಅವನು ಕೊಳ್ಳುತ್ತಾನೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕಪಾಟಿಗೆ ಸೇರಿಸುತ್ತಾನೆ, ಕಪಾಟು ತುಂಬಿದರೆ ಟ್ರಂಕಿಗೆ, ಟ್ರಂಕು ತುಂಬಿದರೆ ಅಟ್ಟಕ್ಕೆ ಏರಿಸುತ್ತಾನೆ. ಅಟ್ಟಕ್ಕೆ ಏರಿದ ಮೇಲೆ ಸಂಗ್ರಹ ಸಿದ್ಧಿಸಿತೆಂದು ತಿಳಿಯಬೇಕು. ಆದ್ದರಿಂದ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಚಿತ್ರಸಂಗ್ರಹವೆಂಬುದು ನೋಡುವ ವಿದ್ಯೆಗಳ ಪೈಕಿ ಅಲ್ಲ, ಹೂಳುವ ವಿದ್ಯೆಗಳ ಪೈಕಿ, ಹೂತದ್ದೇ ಉಳಿಯುತ್ತದೆ, ಹೀಗಿರುವಲ್ಲಿ ಈ ವಿದ್ಯೆಯ ಮೂಲಪೀಠ ಹಾಲಿವುಡ್ಡೂ ಅಲ್ಲ, 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದ ಪುಣೆಯೂ ಅಲ್ಲ, ತಿ. ನರಸೀಪುರ ತಾಲ್ಲೂಕಿನ ತಲಕಾಡು.

ಪ್ರಮಾಣಗಳನ್ನು ನೋಡೋಣ. ತಲಕಾಡು ಗಂಗರ ರಾಜಧಾನಿಯಾಗಿತ್ತು. ಚೋಳರ ಕೈಗೆ ಹೋಗಿ ರಾಜರಾಜಪುರವಾಯಿತು. ಚೋಳರನ್ನು ಓಡಿಸಿದ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಅಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ. ಇಷ್ಟು ಸಲ ಒಡೆಯರು ಬದಲಾದ ಊರಿನಲ್ಲಿ ಗುಡಿಗಳು ಉಳಿದುಕೊಂಡದ್ದು ಮರಳಿನ ಕೃಪೆಯಿಂದ. ಆ ಮರಳು, ಮುಂದೆ ಕಥೆ ಬರಲಿರುವ ಅಲಮೇಲಮ್ಮನ ಶಾಪದಿಂದ ಬಂತೆಂದು ಊರವರೂ, ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಪಾತ್ರ ಬರಿದಾಗಿ ಗಾಳಿಗೆ ಹಾರಿ ಬಂತೆಂದು ತಿಳಿದವರೂ ವಾದಿಸುತ್ತಾರೆ. ಎರಡು ಪಂಥದವರೂ ಹೂಳನ್ನು ನಷ್ಟವೆಂದೇ ಎಣಿಸಿ ಅದರ ಸಂಗ್ರಹಮೌಲ್ಯವನ್ನು ಕಡೆಗಣಿಸಿದ್ದಾರೆ. ತಲಕಾಡಿನ ಪದ್ಧತಿ ಎಷ್ಟು ಪ್ರೌಢವೆಂದರೆ ಅಲ್ಲಿ ದರ್ಶನಕ್ಕೂ ನಿಯಮವಿದೆ. ಪಂಚಲಿಂಗ ದರ್ಶನಕ್ಕೆ ಕಾರ್ತಿಕ ಮಾಸವೇ ಆಗಬೇಕು, ಅಮಾವಾಸ್ಯೆ ಸೋಮವಾರವೇ ಬೀಳಬೇಕು, ಅದಕ್ಕೆ ನಕ್ಷತ್ರವೂ ಕುಹೂಯೋಗವೂ ಕೂಡಿಬರಬೇಕು. ಹನ್ನೆರಡು ವರ್ಷಕ್ಕೊಮ್ಮೆ ಎಂದು ಬಾಯಿಮಾತಿನಲ್ಲಿದ್ದರೂ ಈಚೆಗೆ ಅದು ಕೂಡಿಬಂದದ್ದು 2006, 2009, 2013 ಮತ್ತು 2020ರಲ್ಲಿ. ಅಟ್ಟದ ಡಿಸ್ಕನ್ನು ನೋಡುವ ಯೋಗವೂ ಇದೇ ಬಗೆಯದು. ಕರೆಂಟು ಇರಬೇಕು, ಪ್ಲೇಯರ್ ಇರಬೇಕು, ಇದ್ದ ಪ್ಲೇಯರ್ ಆ ಡಿಸ್ಕನ್ನು ಒಪ್ಪಬೇಕು, ರಿಮೋಟಿನಲ್ಲಿ ಸೆಲ್ ಇರಬೇಕು, ಟಿವಿಯ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ವೈರು ಚುಚ್ಚುವ ತೂತು ಇನ್ನೂ ಇರಬೇಕು, ಅದೇ ಹೊತ್ತಿಗೆ ಧಾರಾವಾಹಿ ಇರಕೂಡದು. ಇವಿಷ್ಟೂ ಒಂದೇ ಸಂಜೆ ಕೂಡುವುದು ಕುಹೂಯೋಗಕ್ಕಿಂತ ಅಪರೂಪವೆಂದು ಪಂಚಾಂಗ ಹೇಳದಿದ್ದರೂ ಗೃಹಸ್ಥರು ಬಲ್ಲರು.

ತಲಕಾಡಿಗೂ ಹಾಲಿವುಡ್ಡಿಗೂ ಏನು ಸಂಬಂಧ ಎಂದು ಕೇಳುವವರು ನದಿಯ ನಕ್ಷೆ ನೋಡಲಿ. ಕಪಿಲೆಯ, ಅಂದರೆ ಕಬಿನಿಯ, ದಂಡೆಯ ಕಾರಾಪುರದಲ್ಲಿ 1924ರಲ್ಲಿ ಮೈಸೂರು ಮಹಾರಾಜರ ಮಾವುತನೊಬ್ಬನ ಮಗನಾಗಿ ಹುಟ್ಟಿದವನು ಸಾಬು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದ, 1940ರಲ್ಲಿ ಬಾಗ್ದಾದಿನ ಕಳ್ಳನಾದ, 1942ರಲ್ಲಿ ಹಾಲಿವುಡ್ಡಿನ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ, 1960ರಲ್ಲಿ ಅಲ್ಲಿನ ಕಾಲುದಾರಿಯಲ್ಲಿ ಅವನ ಹೆಸರಿನ ನಕ್ಷತ್ರವನ್ನೂ ಕೂರಿಸಿದರು. ಈಗ ಜಲಶಾಸ್ತ್ರ ಹೇಳುವುದನ್ನು ಕೇಳಿ. ಕಾರಾಪುರದ ಮಣ್ಣನ್ನು ಹೊತ್ತ ಕಪಿಲೆ ನಂಜನಗೂಡಿಗೆ ಬರುತ್ತಾಳೆ. ಅಲ್ಲಿ 1917ರಲ್ಲಿ ಹುಟ್ಟಿ 1983ರಲ್ಲಿ ಸಂಸ್ಕೃತದ ಮೊದಲ ಚಿತ್ರ ‘ಆದಿ ಶಂಕರಾಚಾರ್ಯ’ವನ್ನು ತೆಗೆದ ಜಿ.ವಿ. ಅಯ್ಯರ್ ಅವರ ಊರಮಣ್ಣನ್ನೂ ಕೂಡಿಸಿಕೊಂಡು, ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ತಲಕಾಡಿನ ಬಾಗಿನಲ್ಲಿ ಎಲ್ಲವನ್ನೂ ಇಳಿಸುತ್ತಾಳೆ. ಆದಕಾರಣ ತಲಕಾಡಿನ ಒಂದು ಹಿಡಿ ಮರಳಿನಲ್ಲಿ ಹಾಲಿವುಡ್ಡೂ ಅದ್ವೈತವೂ ಬೆರೆತಿರಲೇಬೇಕು. ಸಂಗ್ರಾಹಕನ ಕಪಾಟಿನಲ್ಲಿ ‘ಜಂಗಲ್ ಬುಕ್’ ಪಕ್ಕದಲ್ಲಿ ‘ಆದಿ ಶಂಕರಾಚಾರ್ಯ’ ಕೂತಿರುವುದನ್ನು ಕಂಡು ಅಸ್ತವ್ಯಸ್ತವೆಂದು ಮೂಗು ಮುರಿಯುವ ನೆಂಟರು ಈ ಮೆಕ್ಕಲು ನ್ಯಾಯವನ್ನು ಅರಿಯದವರು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಮೇಲಿನ ಮಣ್ಣು ಅಲ್ಲೇ ತಂಗುತ್ತದಲ್ಲ ಎಂಬ ಸೂಕ್ಷ್ಮ ಆಕ್ಷೇಪವನ್ನು ಒಪ್ಪಬಹುದು. ಆದರೆ ಸಾಬು ಅಷ್ಟರಲ್ಲಿ ಆಗಲೇ ಹರಿದುಹೋಗಿದ್ದ. ಅವನು ತೀರಿಕೊಂಡದ್ದು 1963ರಲ್ಲಿ.

ಹೂತದ್ದು ಉಳಿಯುತ್ತದೆಂಬುದಕ್ಕೆ ಹೊರನಾಡಿನ ಸಾಕ್ಷಿ ಬೇಕೆಂದರೆ ಕೆನಡಾದ ಡಾಸನ್ ಎಂಬ ಹಿಮದ ಊರಿದೆ. ಚಿತ್ರಗಳು ಊರೂರು ಸುತ್ತಿ ಕೊನೆಗೆ ತಲುಪುತ್ತಿದ್ದದ್ದು ಅಲ್ಲಿಗೆ. ವಾಪಸು ತರಿಸಿಕೊಳ್ಳುವ ಸಾಗಣೆ ಖರ್ಚು ದಂಡವೆಂದು ಹಂಚಿಕೆದಾರರು ಸುಮ್ಮನಾದರು. ರಾಶಿಬಿದ್ದ ರೀಲುಗಳನ್ನು ಊರವರು 1929ರಲ್ಲಿ ಒಂದು ಈಜುಕೊಳಕ್ಕೆ ಸುರಿದು ಮೇಲೆ ಮಣ್ಣು ಮುಚ್ಚಿದರು. 1978ರಲ್ಲಿ ಅಗೆದಾಗ 533 ರೀಲುಗಳು ಸಿಕ್ಕವು. ಅವುಗಳಲ್ಲಿ ಎಷ್ಟೋ ಚಿತ್ರಗಳು ಬೇರೆಲ್ಲೂ ಉಳಿದಿರಲಿಲ್ಲ. ವ್ಯತಿರೇಕ ದೃಷ್ಟಾಂತವೂ ಇದೆ. 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಚಿತ್ರದ ಕೊನೆಯ ಪ್ರತಿಯನ್ನು ಎಂಜಿಎಂ ಸಂಸ್ಥೆ ಜೋಪಾನವಾಗಿ ಉಗ್ರಾಣದಲ್ಲಿಟ್ಟಿತ್ತು. 1965ರಲ್ಲಿ ಉಗ್ರಾಣಕ್ಕೇ ಬೆಂಕಿ ಬಿತ್ತು. ನಮ್ಮ ಕಡೆಗೆ ಬಂದರೆ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ನೋಡಿದವರು ಅಷ್ಟು ಜನ, ಹೂತವರು ಒಬ್ಬರೂ ಇಲ್ಲ! ಒಂದೇ ಒಂದು ಡಬ್ಬ ಪ್ರತಿಯನ್ನು ಯಾರಾದರೂ ಸೋಮಾರಿ ಪುಣ್ಯಾತ್ಮ ತಲಕಾಡಿಗೆ ಒಯ್ದು ಮರೆತು ಬಂದಿದ್ದರೆ ನಮ್ಮ ಚಿತ್ರಚರಿತ್ರೆಯ ಮೊದಲ ಅಧ್ಯಾಯ ಹೀಗೆ ಕುರುಡಾಗಿರುತ್ತಿರಲಿಲ್ಲ.

ಇನ್ನು ಪೂರ್ವಪಕ್ಷ. ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಅಟ್ಟದ ಭಾರವೇಕೆ ಎನ್ನುತ್ತಾರೆ ಹರಿವುವಾದಿಗಳು. ಅಲ್ಲಿ ಸಿಗುವ ಚಿತ್ರ ಹಕ್ಕಿನ ಅವಧಿ ತೀರಿದ ದಿನ ಹೇಳದೆ ಕೇಳದೆ ಮಾಯವಾಗುತ್ತದೆ. ಕಾವೇರಿ ತಲಕಾಡಿನ ಮುಂದೆಯೇ ಹರಿಯುತ್ತಾಳೆ. ಗುಡಿ ಉಳಿದದ್ದು ದಡದ ದಿಬ್ಬದಲ್ಲಿ, ಹರಿವಿನಲ್ಲಿ ಅಲ್ಲ. ಎರಡನೆಯ ಆಕ್ಷೇಪ ತುಸು ಗಟ್ಟಿಯಾದದ್ದು: ಮರಳು ಕಲ್ಲನ್ನು ಕಾಯಬಹುದು, ಅಟ್ಟ ಕ್ಯಾಸೆಟ್ಟನ್ನು ಕಾಯದು, ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಡಿಸ್ಕಿನ ಹೊಳಪು ಕಿಲುಬಾಗುತ್ತದೆ. ಇದಕ್ಕೆ ಸಮಾಧಾನ ತರ್ಕಶಾಸ್ತ್ರದಲ್ಲಿದೆ. ಹೊದಿಕೆಯನ್ನೇ ಬಿಚ್ಚದ ಡಿಸ್ಕ್ ಕೆಟ್ಟಿದೆ ಎನ್ನಲು ಪ್ರತ್ಯಕ್ಷ ಪ್ರಮಾಣವಿಲ್ಲ. ಬಿಚ್ಚಿದ ಡಿಸ್ಕ್‌ಗಳು ಕೆಟ್ಟಿರುವುದರಿಂದ ಊಹಿಸೋಣವೆಂದರೆ ಅವು ಬಿಚ್ಚಿದ್ದರಿಂದಲೇ ಕೆಟ್ಟವೆಂದೂ ವಾದಿಸಬಹುದು. ಮೂರನೆಯವರು ಬಣ್ಣವಾದಿಗಳು: 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲೂ 1971ರ ‘ಕಸ್ತೂರಿ ನಿವಾಸ’ 2014ರಲ್ಲೂ ಬಣ್ಣ ತಳೆದು ಬಂದಿರುವಾಗ ಕಪ್ಪುಬಿಳುಪಿನ ಹಳೆಯ ಡಿಸ್ಕ್ ಎಸೆಯಬಾರದೇ ಎಂಬುದು ಅವರ ಪ್ರಶ್ನೆ. ತಲಕಾಡಿನ ಪಾತಾಳೇಶ್ವರ ಲಿಂಗ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಪ್ಪು, ರಾತ್ರಿ ಬಿಳಿಯಾಗಿ ತೋರುತ್ತದೆಂದು ಭಕ್ತರ ನಂಬಿಕೆ. ಹಾಗೆಂದು ಹೊತ್ತಿಗೊಂದು ಲಿಂಗವನ್ನು ಯಾರೂ ಎಸೆದಿಲ್ಲ. ಸಂಗ್ರಾಹಕನಾದವನು ಎರಡನ್ನೂ ಇಟ್ಟುಕೊಳ್ಳುತ್ತಾನೆ, ಎರಡನ್ನೂ ನೋಡುವುದಿಲ್ಲ.

ಉಳಿದದ್ದು ಎರವಲಿನ ಪ್ರಶ್ನೆ. ಶಾಸ್ತ್ರದ ಅತ್ಯಂತ ಕಠಿಣ ಭಾಗ ಇದೇ, ಏಕೆಂದರೆ ಕೇಳಲು ಬರುವವರು ಭಾವಮೈದುನನೋ ಪಕ್ಕದ ಮನೆಯವರೋ ಆಗಿರುತ್ತಾರೆ. ಇಲ್ಲಿ ಪ್ರಮಾಣ ಅಲಮೇಲಮ್ಮನೇ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾದ ಮೇಲೆ ವಿಜಯನಗರದ ಪ್ರತಿನಿಧಿಯ ಮಡದಿಯಾದ ಆಕೆ ಒಡವೆಗಳೊಡನೆ ತಲಕಾಡಿನ ಕಡೆಗೆ ಬಂದಳು, ರಂಗನಾಯಕಿ ದೇವಿಯ ಅಲಂಕಾರಕ್ಕೆ ಬೇಕೆಂದು ಅರಸನ ಕಡೆಯವರು ಕೇಳಲು ಬಂದರು ಎಂಬುದು ಐತಿಹ್ಯ. ಕಥೆಯ ಒಂದು ಪಾಠದ ಪ್ರಕಾರ ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟಳು, ಮಿಕ್ಕವನ್ನು ಕೊಡದೆ ಆ ಶಾಪವಿಟ್ಟು ಮಾಲಂಗಿಯ ಮಡುವಿಗೆ ಹಾರಿದಳು. ಹಾರುವುದು ಈ ಕಾಲಕ್ಕೆ ಅತಿಯಾಯಿತು. ಆದರೆ ಒಂದನ್ನು ಕೊಟ್ಟು ಮಿಕ್ಕದ್ದನ್ನು ಹಿಡಿದಿಟ್ಟುಕೊಳ್ಳುವ ಕ್ರಮ ಗ್ರಾಹ್ಯ. ಒಂದು ವಿಸಿಡಿಯಲ್ಲಿ ಹಿಡಿಯುವುದು ಒಂದೂಕಾಲು ಗಂಟೆ ಚಿಲ್ಲರೆ ಮಾತ್ರ. ಆದ್ದರಿಂದ ನಮ್ಮ ಚಿತ್ರಗಳೆಲ್ಲ ಎರಡೋ ಮೂರೋ ಡಿಸ್ಕುಗಳಾಗಿ ಬರುತ್ತಿದ್ದವು. ಕೇಳಿದವರಿಗೆ ನಗುಮೊಗದಿಂದ ಮೊದಲನೆಯ ಡಿಸ್ಕನ್ನಷ್ಟೇ ಕೊಡಬೇಕು. ಎರಡನೆಯದನ್ನು ಕೇಳಲು ಬರುವವನು ಮೊದಲನೆಯದನ್ನು ಕೈಯಲ್ಲಿ ಹಿಡಿದೇ ಬರುತ್ತಾನೆ. ಹಾಡುಗಳೆಲ್ಲ ಮೊದಲ ಡಿಸ್ಕಿನಲ್ಲೇ ಮುಗಿದುಹೋಗುವ ಚಿತ್ರಗಳಿಗೆ ಈ ವಿಧಿ ಅನ್ವಯಿಸದು. ಅಂಥವು ಮನೆಯಲ್ಲಿ ಇಲ್ಲವೆಂದೇ ಹೇಳತಕ್ಕದ್ದು.